ಕತ್ತಲಲ್ಲಿ ಕೈಗೆ ಸಿಗುವ ಕುರುಹು

ಕನ್ನಡದಲ್ಲಿ ಗಂಟು ಎಂಬ ಮಾತಿಗೆ ಹಲವು ಅರ್ಥಗಳಿವೆ. ಕೂಡಿಟ್ಟ ಹಣವೂ ಗಂಟು, ಬಿಡಿಸಲಾಗದ ಸಮಸ್ಯೆಯೂ ಗಂಟು, ಮುನಿದವನ ಮುಖವೂ ಗಂಟು. ಬಾಳನ್ನು ಕೂಡಿಸುವುದು ಮೂರು ಗಂಟು. ಮರೆಯಬಾರದ ಮಾತಿದ್ದರೆ ತಾಯಂದಿರು ಸೆರಗಿನ ತುದಿಗೆ ಹಾಕಿಕೊಳ್ಳುವುದೂ ಒಂದು ಗಂಟೇ. ಹೀಗೆ ಒಂದೇ ದಾರ ಒಂದು ಕಡೆ ಕಟ್ಟಿಹಾಕುತ್ತದೆ, ಇನ್ನೊಂದು ಕಡೆ ನೆನಪಿಸುತ್ತದೆ. ಕಟ್ಟಿಹಾಕುವ ಗಂಟಿಗೆ ಶಾಸ್ತ್ರದಲ್ಲಿ ಪಾಶವೆಂದು ಹೆಸರು. ರೇಷ್ಮೆಹುಳು ತನ್ನ ಬಾಯಿಂದ ಹೊರಟ ನೂಲಿನಲ್ಲಿಯೇ ಸಿಕ್ಕು ಸಾಯುವ ಬಗೆಯನ್ನು ಅಕ್ಕಮಹಾದೇವಿ ದೃಷ್ಟಾಂತವಾಗಿ ಹೇಳಿದ್ದು ಈ ಪಾಶವನ್ನು ಕುರಿತೇ. ನೆನಪಿಸುವ ಗಂಟಿಗೆ ಶರಣರ ಮಾತಿನಲ್ಲಿ ಒಪ್ಪುವ ಹೆಸರು ಕುರುಹು. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಯಾವುದು ಪಾಶ, ಯಾವುದು ಕುರುಹು ಎಂದು ತಿಳಿಯುವುದು ಸಾಧಕನ ಪಾಲಿಗೆ ಸಣ್ಣ ಕೆಲಸವಲ್ಲ. ಹಡಗಿನ ಚುಕ್ಕಾಣಿ ಚಕ್ರಕ್ಕೆ ನಾವಿಕರು ಕಟ್ಟುವ ಅಲಂಕಾರದ ಗಂಟೊಂದು ಈ ವಿವೇಕಕ್ಕೆ ಒಳ್ಳೆಯ ನಿದರ್ಶನವಾಗುತ್ತದೆ.

ಚುಕ್ಕಾಣಿ ಎಂಬ ಪದವೇ ಕಡಲ ಮೇಲಿಂದ ಬಂದದ್ದು. ಅರಬ್ಬಿಯ ಸುಕ್ಕಾನ್ ಎಂಬ ಮಾತು ನಾವಿಕರ ಬಾಯಲ್ಲಿ ತಿರುಗಿ ಕನ್ನಡದ ಚುಕ್ಕಾಣಿಯಾಯಿತು. ಹಡಗನ್ನು ಚಕ್ರದಿಂದ ತಿರುಗಿಸುವ ಪದ್ಧತಿ ಬಳಕೆಗೆ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಆ ಮರದ ಚಕ್ರಕ್ಕೆ ಹಲವು ಅರಗಳಿರುತ್ತವೆ. ಅವು ಬಳೆಯನ್ನು ದಾಟಿ ಹೊರಚಾಚಿ ಹಿಡಿಗಳಾಗುತ್ತವೆ. ಅವುಗಳಲ್ಲಿ ಒಂದು ಅರಕ್ಕೆ ನಾವಿಕರು ರಾಜಪಟ್ಟ ಕಟ್ಟುತ್ತಾರೆ. ಚುಕ್ಕಾಣಿಯ ಹಲಗೆ ಹಡಗಿನ ನೇರಕ್ಕೆ, ಎಡಕ್ಕೂ ಬಲಕ್ಕೂ ವಾಲದೆ ನಡುವೆ ನಿಂತಾಗ ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವ ಅರ ಅದು. ಅದರ ಹಿಡಿಗೆ ಹತ್ತಿಯ ಹುರಿಯಿಂದ ಉಬ್ಬಾದ ಗಂಟೊಂದನ್ನು ಹೆಣೆಯುವುದು ಹಳೆಯ ವಾಡಿಕೆ. ರುಮಾಲು ಸುತ್ತಿದ ತಲೆಯಂತೆ ಕಾಣುವುದರಿಂದ ಪಾಶ್ಚಾತ್ಯ ನಾವಿಕರು ಇದನ್ನು ತುರ್ಕಿಯವನ ತಲೆ ಎಂದು ಕರೆದರು. ಕ್ಲಿಫರ್ಡ್ ಆಶ್ಲಿ ಎಂಬವರು 1944ರಲ್ಲಿ ಪ್ರಕಟಿಸಿದ, 3,800ಕ್ಕೂ ಹೆಚ್ಚು ಗಂಟುಗಳನ್ನು ಕುರಿತ ಹೆಸರಾಂತ ಗ್ರಂಥದಲ್ಲಿ ಈ ಜಾತಿಯ ಗಂಟಿಗೆ ದೊಡ್ಡ ಸ್ಥಾನವಿದೆ.

ನೋಡಿದವರು ಇದನ್ನು ಅಂದಕ್ಕಾಗಿ ಕಟ್ಟಿದ್ದೆಂದು ತಿಳಿಯುತ್ತಾರೆ. ಅಂದವೂ ಹೌದು. ಆದರೆ ಅದರ ನಿಜವಾದ ಕೆಲಸ ಇರುಳಿನದು. ರಾತ್ರಿಯ ಪಾಳಿಯಲ್ಲಿ ಚುಕ್ಕಾಣಿಯ ಬಳಿ ದೊಡ್ಡ ದೀಪವಿರುವುದಿಲ್ಲ. ಬೆಳಕಿದ್ದರೆ ಕಣ್ಣು ಹೊರಗಿನ ಕಡಲನ್ನು ಕಾಣಲಾರದು. ಆ ಕತ್ತಲಲ್ಲಿ ಚಕ್ರ ತಿರುಗಿಸುವವನ ಅಂಗೈಗೆ ಉಳಿದ ಹಿಡಿಗಳೆಲ್ಲ ನುಣುಪಾಗಿ ಹಾದುಹೋಗುತ್ತವೆ, ಒಂದು ಮಾತ್ರ ಉಬ್ಬಾಗಿ ತಾಗುತ್ತದೆ. ಅದು ಮೇಲಿದೆ ಎಂದರೆ ಚುಕ್ಕಾಣಿ ನಡುವಿನಲ್ಲಿದೆ. ಕಣ್ಣು ಕಾಣದ್ದನ್ನು ಕೈ ಕಾಣುತ್ತದೆ.

ಇಂಥ ಕಡಲ ವಿದ್ಯೆ ಚಂದಾಪುರದಂಥ ಊರಿಗೆ ಬಂದು ಸೇರಿದ್ದು ಒಬ್ಬ ಹಿರಿಯ ಭಕ್ತರಿಂದ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಬೊಮ್ಮಸಂದ್ರವನ್ನೂ ದಾಟಿದರೆ ಚಂದಾಪುರ. ಆನೇಕಲ್ಲಿನ ದಾರಿ ಕವಲೊಡೆಯುವುದು ಅಲ್ಲಿಯೇ. ಹಗಲಿರುಳೂ ಲಾರಿಗಳು ಓಡುವ ಊರು. ದೋಣಿಯ ಸುಳಿವೂ ಅಲ್ಲಿಲ್ಲ. ಇರುವ ಒಂದು ಕೆರೆಯ ಸ್ಥಿತಿಗಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿಗಳ ಪರಿಹಾರ ವಿಧಿಸಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಈ ಹಿರಿಯರು ಹುಟ್ಟಿದ್ದು ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ, ಅಂಬಿಗರ ಚೌಡಯ್ಯನವರ ಐಕ್ಯಸ್ಥಳವಾದ ಚೌಡಯ್ಯದಾನಪುರಕ್ಕೆ ಸಮೀಪದ ಹಳ್ಳಿಯೊಂದರಲ್ಲಿ. ಅಂಬಿಗ ವೃತ್ತಿಯನ್ನೇ ತಮ್ಮ ವಚನಗಳ ಅಂಕಿತದಲ್ಲಿ ಸೇರಿಸಿಕೊಂಡ ನೇರನುಡಿಯ ಶರಣರು ಚೌಡಯ್ಯನವರು. ಅವರ ಹೆಸರು ಕೇಳುತ್ತ ಬೆಳೆದ ಹುಡುಗ ಹರಿಗೋಲಿನಿಂದ ಹೊರಟು ನೌಕಾಪಡೆಯ ಹಡಗನ್ನು ಸೇರಿದರು. ಹದಿನೈದು ವರ್ಷಗಳ ಸೇವೆಯಲ್ಲಿ ಹಿರಿಯ ನಾವಿಕರ ಬಳಿ ಹಗ್ಗದ ವಿದ್ಯೆ ಕಲಿತರು. ನಿವೃತ್ತರಾದ ಮೇಲೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಮಾಡಿದರು. ಈಗ ಮಗ ಸೊಸೆಯರ ಜೊತೆ ಚಂದಾಪುರದಲ್ಲಿದ್ದಾರೆ. ಕಡಲು ಬಿಟ್ಟು ನಾಲ್ಕು ದಶಕಗಳಾದರೂ ಕೈಯಲ್ಲೊಂದು ಹುರಿಯ ತುಣುಕು ಇದ್ದೇ ಇರುತ್ತದೆ.

ಅವರ ಮೊಮ್ಮಗಳಿಗೆ ಲಿಂಗದೀಕ್ಷೆ ಗೊತ್ತಾದಾಗ, ಶಿವದಾರಕ್ಕೆ ಅಜ್ಜನೇ ಒಂದು ಗಂಟು ಹಾಕಿಕೊಡಬೇಕೆಂದು ಅವಳು ಹಟ ಹಿಡಿದಳು. ಹಾಕಿಕೊಡುವುದಿಲ್ಲ, ಕಲಿಸಿಕೊಡುತ್ತೇನೆ ಎಂದರು ಅಜ್ಜ. ಗಂಟಿನ ಕ್ರಮ ನೋಡಲು ಸುಲಭವೇ. ಮೂರು ಎಳೆಯ ಜಡೆಯನ್ನು ತಂದು ತುದಿಗೆ ತುದಿ ಸೇರಿಸಿ ಬಳೆ ಮಾಡಿದರೆ ಹೇಗೋ ಹಾಗಿರುತ್ತದೆ ಈ ಗಂಟು. ಆದರೆ ಎಳೆ ಮೂರಲ್ಲ, ದಾರ ಒಂದೇ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಹಾಯುತ್ತ, ಅಂಚಿಗೆ ಬಂದಾಗ ಮಡಿಕೆಯಾಗಿ ತಿರುಗುತ್ತ, ಅದು ತಾನು ಹೊರಟ ಕಡೆಗೆ ಬಂದು ಸೇರುತ್ತದೆ. ಆಮೇಲೆ ಅದೇ ದಾರ ತನ್ನದೇ ಹಾದಿಯನ್ನು ಅನುಸರಿಸಿ ಎರಡನೆಯ ಸುತ್ತು, ಮೂರನೆಯ ಸುತ್ತು ಹೋಗುತ್ತದೆ. ಕೊನೆಗೆ ಎರಡೂ ತುದಿಗಳನ್ನು ಒಳಗೆ ಅಡಗಿಸಿದರೆ ಎಲ್ಲಿ ಮೊದಲು ಎಲ್ಲಿ ಕೊನೆ ಎಂದು ತಿಳಿಯುವುದಿಲ್ಲ.

ಮಗು ನಾಲ್ಕು ಮಡಿಕೆಯ ಗಂಟನ್ನು ಬೇಗ ಕಲಿತಳು. ಇನ್ನಷ್ಟು ಚೆಂದವಾಗಲೆಂದು ಆರು ಮಡಿಕೆ ಹಾಕಲು ಹೊರಟಳು. ದಾರ ಮೂರರಲ್ಲಿ ಒಂದು ಪಾಲನ್ನಷ್ಟೇ ಸುತ್ತಿ ಮೊದಲಿನ ಜಾಗಕ್ಕೆ ಬಂದು ನಿಂತುಬಿಟ್ಟಿತು. ಮತ್ತೆ ಹಾಕಿದಳು, ಮತ್ತೆ ಹಾಗೆಯೇ ಆಯಿತು. ತಪ್ಪು ಅವಳ ಬೆರಳಿನದಲ್ಲ, ಲೆಕ್ಕದ್ದು. ಎಳೆಯ ಸಂಖ್ಯೆಯನ್ನೂ ಮಡಿಕೆಯ ಸಂಖ್ಯೆಯನ್ನೂ ಒಟ್ಟಿಗೆ ಭಾಗಿಸುವ ಅಂಕಿ ಒಂದರ ಹೊರತು ಬೇರೊಂದಿರಬಾರದು. ಇದ್ದರೆ ಒಂದೇ ದಾರದಿಂದ ಗಂಟು ಪೂರ್ಣವಾಗದು. ಮೂರಕ್ಕೆ ನಾಲ್ಕು ಸಲ್ಲುತ್ತದೆ, ಐದು ಸಲ್ಲುತ್ತದೆ, ಆರು ಸಲ್ಲದು. ಆರು ಬೇಕೆಂದರೆ ಮೂರು ಬೇರೆ ಬೇರೆ ದಾರಗಳು ಬೇಕು. ಹೊರಗಿನಿಂದ ನೋಡಿದರೆ ಆ ಗಂಟೂ ಇದರಂತೆಯೇ ಕಾಣುತ್ತದೆ, ಆದರೆ ಒಳಗೆ ಮೂರು ದಾರಗಳು ಒಂದನ್ನೊಂದು ಮುಟ್ಟುತ್ತ ಬೇರೆಯಾಗಿಯೇ ಇರುತ್ತವೆ. ನುಡಿಯೊಂದು ದಾರ, ನಡೆಯೊಂದು ದಾರ, ಪೂಜೆಯೊಂದು ದಾರವಾದ ಬಾಳೂ ಹೀಗೆಯೇ ಅಲ್ಲವೇ? ನೋಡುವವರಿಗೆ ಒಪ್ಪವಾದ ಹೆಣಿಗೆ. ಬಿಚ್ಚಿ ನೋಡಿದರೆ ಮೂರಕ್ಕೂ ಸಂಬಂಧವಿಲ್ಲ. ಶರಣರು ನಡೆ ನುಡಿ ಒಂದಾಗಬೇಕೆಂದು ಮತ್ತೆ ಮತ್ತೆ ಹೇಳಿದ್ದು ಈ ಒಂದೇ ದಾರದ ಬಾಳನ್ನು.

ಇನ್ನೊಂದು ಮಾತನ್ನೂ ಅಜ್ಜ ಮೊಮ್ಮಗಳಿಗೆ ತೋರಿಸಿದರು. ಹೆಣೆದು ಮುಗಿದ ಗಂಟು ಸಡಿಲವಾಗಿರುತ್ತದೆ. ಬಿಗಿ ಮಾಡಲೆಂದು ತುದಿ ಹಿಡಿದು ಜಗ್ಗಿದರೆ ಒಂದು ಮಡಿಕೆ ಬಿಗಿದು ಉಳಿದವು ಸೊಟ್ಟಗಾಗುತ್ತವೆ. ಮೊದಲಿನಿಂದ ಹಿಡಿದು ಮಡಿಕೆ ಮಡಿಕೆಯಾಗಿ ಸಡಿಲನ್ನು ಮುಂದಕ್ಕೆ ಸಾಗಿಸುತ್ತ, ಎರಡು ಮೂರು ಬಾರಿ ಸುತ್ತಿ ಬಂದರೆ ಮಾತ್ರ ಸಮನಾಗಿ ಕೂರುತ್ತದೆ. ಒಂದು ದಿನ ನಾಲ್ಕು ತಾಸು ಪೂಜೆ ಮಾಡಿ ಹದಿನೈದು ದಿನ ಮರೆಯುವವರಿಗೆ ಈ ಗಂಟು ಒಳ್ಳೆಯ ಗುರು.

ಈ ಹಿರಿಯರ ನೆರೆಮನೆಯಲ್ಲಿ ಲಾರಿ ಓಡಿಸುವ ತರುಣನೊಬ್ಬನಿದ್ದಾನೆ. ಹೊಸೂರು ರಸ್ತೆಯ ಲಾರಿಗಳ ಸ್ಟಿಯರಿಂಗ್ ನೋಡಿದವರಿಗೆ ಗೊತ್ತು, ಬಣ್ಣಬಣ್ಣದ ಪ್ಲಾಸ್ಟಿಕ್ ದಾರ ಸುತ್ತಿ, ಕುಚ್ಚು ಇಳಿಬಿಟ್ಟು ಸಿಂಗರಿಸಿರುತ್ತಾರೆ. ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿರುತ್ತದೆ. ಒಂದು ರಾತ್ರಿ ಅತ್ತಿಬೆಲೆಯ ಹತ್ತಿರ ಇವನ ಲಾರಿ ರಸ್ತೆಯ ನಡುವಣ ಕಟ್ಟೆಗೆ ಉಜ್ಜಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವನ ಧೈರ್ಯ ಕುಸಿಯಿತು. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಅವನು ಹಿರಿಯರ ಬಳಿ ಬಂದು, "ತಾತ, ನೀವು ಲಿಂಗಪೂಜೆ ಮಾಡೋರು. ನಿಮ್ಮ ಕೈಯಿಂದ ಸ್ಟಿಯರಿಂಗಿಗೆ ಒಂದು ದಾರ ಕಟ್ಟಿಕೊಡಿ. ದೃಷ್ಟಿ ತಾಗಬಾರದು, ಗಾಡಿ ಕಾಯಬೇಕು" ಎಂದು ಕೇಳಿದನು.

ಹಿರಿಯರು ಕೂಡಲೇ ಹುರಿ ತೆಗೆಯಲಿಲ್ಲ. "ಆ ರಾತ್ರಿಗೆ ಮುಂಚೆ ಎಷ್ಟು ತಾಸು ಮಲಗಿದ್ದೆ, ತಮ್ಮಾ?" ಎಂದು ಕೇಳಿದರು. ಅವನು ಬೆರಳು ಮಡಚಿ ಎಣಿಸಿದನು. ಎರಡು ದಿನಕ್ಕೆ ಸೇರಿ ಐದು ತಾಸು.

"ದಾರ ಕಟ್ಟಿಕೊಡುತ್ತೇನೆ. ಆದರೆ ಅದು ನಿನ್ನನ್ನು ಕಾಯುವುದಿಲ್ಲ. ಕಾಯುತ್ತದೆ ಎಂದು ನಂಬಿ ಕಟ್ಟಿಸಿಕೊಳ್ಳುವುದಾದರೆ ಕಟ್ಟುವುದಿಲ್ಲ."

"ಹಾಗಾದರೆ ಅದು ಏನಕ್ಕೆ, ತಾತ?"

"ನೆಟ್ಟಗಿರುವುದು ಯಾವುದು ಎಂದು ನಿನ್ನ ಕೈಗೆ ಹೇಳುತ್ತದೆ, ಅಷ್ಟೇ. ಉಳಿದದ್ದು ನಿನ್ನ ಕೆಲಸ."

ಮರುದಿನ ಮುಂಜಾನೆ ಸಂಚಾರವಿಲ್ಲದ ನೇರವಾದ ದಾರಿಯಲ್ಲಿ ಅವನು ಲಾರಿಯನ್ನು ನಿಧಾನವಾಗಿ ಓಡಿಸಿ, ಗಾಲಿಗಳು ನೆಟ್ಟಗಿರುವಾಗ ಸ್ಟಿಯರಿಂಗಿನ ನೆತ್ತಿಯಲ್ಲಿ ಸೀಮೆಸುಣ್ಣದಿಂದ ಗೀಟು ಎಳೆದನು. ಹಿರಿಯರು ಮೊದಲು ಹಳೆಯ ಪ್ಲಾಸ್ಟಿಕ್ ದಾರಗಳನ್ನೆಲ್ಲ ಬಿಚ್ಚಿಸಿದರು. ಇಡೀ ಚಕ್ರಕ್ಕೆ ಸಿಂಗಾರವಿದ್ದರೆ ಕೈಗೆ ಎಲ್ಲವೂ ಒಂದೇ. ಎಲ್ಲೆಡೆ ಇರುವ ಗುರುತು ಗುರುತೇ ಅಲ್ಲ. ಆಮೇಲೆ ಆ ಗೀಟಿನ ಮೇಲೆ, ಹಿಡಿತಕ್ಕೆ ಅಡ್ಡಿಯಾಗದಂತೆ ತೆಳುವಾದ ಹತ್ತಿಯ ಹುರಿಯಿಂದ ಗಂಟು ಹೆಣೆದರು. ಹಡಗಿನ ಅರದ ಹಿಡಿಗೆ ತುದಿಯುಂಟು. ಗಂಟನ್ನು ಬೇರೆ ಕಡೆ ಹೆಣೆದು ತಂದು ಅದಕ್ಕೆ ಏರಿಸಬಹುದು. ಸ್ಟಿಯರಿಂಗಿನ ಬಳೆಗೆ ತುದಿಯಿಲ್ಲ. ಅಲ್ಲಿಯೇ ಕುಳಿತು, ಅದರ ಮೈಮೇಲೆಯೇ ಹೆಣೆಯಬೇಕು. ಬೇರೆಯವರ ಸಾಧನೆಯನ್ನು ಸಿದ್ಧವಾಗಿ ತಂದು ತನ್ನ ಬಾಳಿಗೆ ಏರಿಸಿಕೊಳ್ಳಲು ಬರುವುದಿಲ್ಲ ಎಂಬ ಶರಣರ ನಿಲುವಿಗೆ ಇದಕ್ಕಿಂತ ಸರಳವಾದ ಉಪಮೆ ಸಿಗಲಾರದು.

ತಿಂಗಳುಗಳ ಬಳಿಕ ಆ ತರುಣ ಹೇಳಿದ ಮಾತು ಗಮನಿಸಬೇಕಾದದ್ದು. ಗಂಟಿನಿಂದ ದಾರಿಯೇನೂ ಸುಗಮವಾಗಲಿಲ್ಲ. ಆದರೆ ರಾತ್ರಿ ಬೆರಳಿಗೆ ಅದು ತಾಗಿದಾಗಲೆಲ್ಲ ಎಷ್ಟು ತಾಸು ಮಲಗಿದ್ದೆ ಎಂಬ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತದೆ. ಉತ್ತರ ಸರಿಯಿಲ್ಲದ ರಾತ್ರಿಗಳಲ್ಲಿ ಅವನು ಲಾರಿಯನ್ನು ಬದಿಗೆ ಹಾಕಿ ಮಲಗುತ್ತಾನೆ. ತಡವಾದದ್ದಕ್ಕೆ ಮಾಲೀಕನಿಂದ ಬೈಸಿಕೊಂಡದ್ದೂ ಉಂಟು. ಮಗಳು ಹುಟ್ಟಿದ ದಿನ ಅವನು ಮನೆಯಲ್ಲಿದ್ದನು.

ಇಲ್ಲಿ ತತ್ತ್ವದ ಮುಖ್ಯವಾದ ಅಂಶವೊಂದಿದೆ. ರಾಜ ಅರ ಮೇಲಿದ್ದ ಮಾತ್ರಕ್ಕೆ ಚುಕ್ಕಾಣಿ ನಡುವಿನಲ್ಲಿದೆ ಎಂದು ಹೇಳಲಾಗದು. ಚುಕ್ಕಾಣಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತರಲು ಚಕ್ರವನ್ನು ಹಲವು ಸುತ್ತು ತಿರುಗಿಸಬೇಕಾಗುತ್ತದೆ. ಪೂರ್ತಿ ಒಂದು ಸುತ್ತು ಬಲಕ್ಕೆ ತಿರುಗಿಸಿದರೂ ಗಂಟು ಮತ್ತೆ ಮೇಲೆಯೇ ಬಂದು ನಿಲ್ಲುತ್ತದೆ. ಹಡಗು ಮಾತ್ರ ಬಲಕ್ಕೆ ತಿರುಗುತ್ತಲೇ ಇರುತ್ತದೆ. ಎಷ್ಟು ಸುತ್ತು ತಿರುಗಿಸಿದೆನೆಂಬ ಎಣಿಕೆ ನಾವಿಕನ ಮನಸ್ಸಿನಲ್ಲಿರಬೇಕು. ಗಾಳಿ ಪಕ್ಕದಿಂದ ಬೀಸುವಾಗ ಹಡಗನ್ನು ನೇರ ನಡೆಸಲು ಚುಕ್ಕಾಣಿಯನ್ನು ತುಸು ವಾರೆಯಾಗಿಯೇ ಹಿಡಿಯಬೇಕಾದೀತು. ಆಗ ದಿಕ್ಕನ್ನು ಹೇಳುವುದು ದಿಕ್ಸೂಚಿಯೇ ಹೊರತು ಗಂಟಲ್ಲ. ಗಂಟು ತಿಳಿಸುವುದು ಒಂದನ್ನೇ: ನಡು ಎಲ್ಲಿದೆ ಎಂಬುದನ್ನು. ಎಷ್ಟು ದೂರ ಸರಿದೆ, ಏಕೆ ಸರಿದೆ, ಯಾವಾಗ ಮರಳಬೇಕು ಎಂಬುದನ್ನು ಅರಿವೇ ಹೇಳಬೇಕು.

ಶರಣರು ಇಷ್ಟಲಿಂಗವನ್ನು ಅರಿವಿನ ಕುರುಹು ಎಂದು ಕರೆದದ್ದರ ಹುರುಳು ಇದೇ. ಅರಿವಿಲ್ಲದ ಕುರುಹು ಬರಿಯ ಆಭರಣವಾಗುತ್ತದೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆ ತೂಗುತ್ತಿದ್ದರೂ ಬಾಳು ಒಂದು ಸುತ್ತು ಬೇರೆ ಕಡೆಗೆ ತಿರುಗಿರಬಹುದು. ಕುರುಹೇ ಬೇಡ, ಅರಿವೊಂದೇ ಸಾಕು ಎನ್ನುವವನಿಗೆ ಕತ್ತಲಾದಾಗ ನಡುವನ್ನು ತೋರಿಸುವುದು ಯಾವುದೂ ಇರುವುದಿಲ್ಲ. ಅಲ್ಲಮಪ್ರಭುಗಳು ಕುರುಹಿನಲ್ಲಿಯೇ ನಿಂತವರನ್ನು ಎಚ್ಚರಿಸಿದ್ದೂ, ಬಸವಣ್ಣನವರು ಎಲ್ಲರ ಅಂಗೈಗೂ ಇಷ್ಟಲಿಂಗವನ್ನು ಕರುಣಿಸಿದ್ದೂ ಒಂದನ್ನೊಂದು ವಿರೋಧಿಸುವ ಮಾತುಗಳಲ್ಲ. ಒಬ್ಬರು ಎಣಿಕೆ ತಪ್ಪಬೇಡ ಎಂದರು, ಇನ್ನೊಬ್ಬರು ಕೈಗೆ ಗುರುತು ಕೊಟ್ಟರು.

ಈ ಹಿರಿಯರಿಗೆ ಈಗ ಕಣ್ಣಿನ ನೋಟ ಕುಂದುತ್ತಿದೆ. ಗ್ಲಾಕೋಮಾ ಎಂದಿದ್ದಾರೆ ವೈದ್ಯರು. ಕಳೆದ ನೋಟ ಮರಳುವುದಿಲ್ಲ; ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ಹನಿ ಹಾಕಬೇಕು. ಅಕ್ಕಪಕ್ಕದ ನೋಟ ಮೊದಲು ಹೋಯಿತು. ಪೂಜೆಯ ಹೊತ್ತಿನಲ್ಲಿ ಬಟ್ಟಲು ಉರುಳುವುದು, ವಿಭೂತಿ ಕೈತಪ್ಪುವುದು ಶುರುವಾದಾಗ ಸೊಸೆ, "ಮಾವಾರ, ನಾನು ಎಲ್ಲ ಹೊಂದಿಸಿ ಮಜ್ಜನ ಮಾಡಿಸಿಕೊಡ್ತೀನಿ, ನೀವು ಕೂತಿರ್ರಿ ಸಾಕು" ಎಂದಳು. ಪ್ರೀತಿಯಿಂದ ಆಡಿದ ಮಾತು. ಆದರೆ ಇಷ್ಟಲಿಂಗದ ಪೂಜೆಯನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವಂತಿಲ್ಲ. ತನ್ನ ಪ್ರಾಣಕ್ಕೆ ಇನ್ನೊಬ್ಬರು ಉಸಿರಾಡಲಾರರು. ಹಿರಿಯರು ಎರಡು ರಾತ್ರಿ ಮಾತಿಲ್ಲದೆ ಕಳೆದರು. ಮೂರನೆಯ ದಿನ ಶಿವದಾರದ ಬಲಭಾಗದಲ್ಲಿ, ಕರಡಿಗೆಗೆ ನಾಲ್ಕು ಬೆರಳು ಮೇಲೆ, ಒಂದು ಸಣ್ಣ ಗಂಟು ಹೆಣೆದುಕೊಂಡರು. ವಿಭೂತಿ, ಪತ್ರೆ, ನೀರಿನ ಬಟ್ಟಲುಗಳ ಜಾಗವನ್ನು ಬೆರಳಿನ ಅಳತೆಯಿಂದ ಗೊತ್ತುಮಾಡಿಕೊಂಡರು. ಈಗ ಮುಂಜಾವದಲ್ಲಿ ದೀಪ ಹಚ್ಚುವ ಮೊದಲೇ ಅವರ ಬೆರಳು ಗಂಟನ್ನು ಮುಟ್ಟಿ, ಅಲ್ಲಿಂದ ಕರಡಿಗೆಗೆ ಇಳಿದು, ಲಿಂಗವನ್ನು ಅಂಗೈಗೆ ತರುತ್ತದೆ. ಹಡಗಿನ ಇರುಳ ಪಾಳಿಯಲ್ಲಿ ಕಲಿತ ಪಾಠ ಎಪ್ಪತ್ತರ ಹರೆಯ ದಾಟಿದ ಮೇಲೆ ಕರಸ್ಥಲದಲ್ಲಿ ಫಲಿಸಿತು. ಮೊಮ್ಮಗಳ ಶಿವದಾರದಲ್ಲಿಯೂ ಅದೇ ಜಾಗದಲ್ಲಿ ಅವಳೇ ಹೆಣೆದ ನಾಲ್ಕು ಮಡಿಕೆಯ ಗಂಟಿದೆ.

ದಾರ ಕಳಚಿದರೆ ಏನು ಗತಿ ಎಂಬ ಪ್ರಶ್ನೆಯೂ ಬರುತ್ತದೆ. ಅದಕ್ಕೆ ನುಲಿಯ ಚಂದಯ್ಯನವರ ಬಾಳಿನಲ್ಲಿ ಉತ್ತರವಿದೆ. ನುಲಿ ಎಂದರೆ ಹೊಸೆದ ಹುರಿ. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ನಡೆಸುವುದು ಚಂದೇಶ್ವರಲಿಂಗ ಅಂಕಿತದ ಈ ಶರಣರ ಕಾಯಕವಾಗಿತ್ತು. ಒಮ್ಮೆ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗ ಕಳಚಿ ನೀರಿಗೆ ಬಿತ್ತಂತೆ. ಚಂದಯ್ಯನವರು ಅದಕ್ಕಾಗಿ ಕಾಯಕ ನಿಲ್ಲಿಸಲಿಲ್ಲ; ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿತು. ಆಗಲೂ ಅವರು ಒಪ್ಪಲಿಲ್ಲ. ಮಡಿವಾಳ ಮಾಚಯ್ಯನವರು ನಡುವೆ ಬಂದು ಬಗೆಹರಿಸಬೇಕಾಯಿತು. ಶೂನ್ಯಸಂಪಾದನೆ ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುತ್ತದೆ. ಇದನ್ನು ಓದಿ ಲಿಂಗಧಾರಣೆಯೇ ಬೇಡವೆಂದು ಚಂದಯ್ಯನವರು ಹೇಳಿದರೆಂದು ತಿಳಿಯಬಾರದು. ದಿನವಿಡೀ ಹುರಿ ಹೊಸೆಯುವ ಕೈಗೆ ಒಂದು ಗಂಟು ಬಿಗಿಯುವುದು ಕಷ್ಟದ ಕೆಲಸವೇ? ಕಳಚಿದ್ದು ಹೊರಗಿನ ದಾರ. ಒಳಗಿನ ದಾರವಾದ ಕಾಯಕ ಕಳಚಿರಲಿಲ್ಲ. ಕುರುಹಿನಿಂದ ಕಲಿಯಬೇಕಾದದ್ದನ್ನು ಅವರ ಕೈ ಪೂರ್ತಿಯಾಗಿ ಕಲಿತಿತ್ತು. ಆದ್ದರಿಂದಲೇ ಕುರುಹು ಅವರನ್ನು ಹುಡುಕಿಕೊಂಡು ಬಂದಿತು.

ಚಂದಯ್ಯನವರ ಆ ನಿಲುವು ದೊಡ್ಡದು. ಸಾಮಾನ್ಯ ಭಕ್ತನು ಅದನ್ನು ಅನುಕರಿಸಲು ಹೋಗದೆ, ದಿನವೂ ತನ್ನ ಗಂಟನ್ನು ನೋಡಿಕೊಳ್ಳುವುದು ಲೇಸು. ಹತ್ತಿಯ ದಾರ ಬೆವರಿಗೆ ಸವೆಯುತ್ತದೆ. ಸವೆದ ಶಿವದಾರವನ್ನು ಕಡಿಯುವ ಮೊದಲೇ ಬದಲಿಸಬೇಕು. ಲಾರಿಯ ಗಾಲಿಗಳ ನೇರ ಸರಿಪಡಿಸಿದಾಗಲೆಲ್ಲ ಆ ತರುಣ ಗಂಟು ಇನ್ನೂ ನಡುವನ್ನು ತೋರುತ್ತಿದೆಯೇ ಎಂದು ನೋಡಿಕೊಳ್ಳುತ್ತಾನೆ. ಇಲ್ಲವಾದರೆ ಬಿಚ್ಚಿ ಮತ್ತೆ ಹೆಣೆಯುತ್ತಾನೆ, ಈಗ ಅವನಿಗೂ ಬರುತ್ತದೆ. ಮನೆಯಲ್ಲಿ, ಮೈಮೇಲೆ, ವಾಹನದಲ್ಲಿ ಕಟ್ಟಿಕೊಂಡ ದಾರಗಳನ್ನು ಸದ್ಭಕ್ತರು ಒಂದೊಂದಾಗಿ ಮುಟ್ಟಿ ಕೇಳಿಕೊಳ್ಳಲಿ: ಇದು ಭಯಕ್ಕೆ ಕಟ್ಟಿದ್ದೋ, ನೆನಪಿಗೆ ಕಟ್ಟಿದ್ದೋ? ಭಯಕ್ಕೆ ಕಟ್ಟಿದ್ದು ಪಾಶ, ಅದನ್ನು ಬಿಚ್ಚಬೇಕು. ನೆನಪಿಗೆ ಕಟ್ಟಿದ್ದು ಕುರುಹು, ಅದನ್ನು ದಿನವೂ ಮುಟ್ಟಬೇಕು.